ನೆಬ್ರಾಸ್ಕ ತಂಡ ಜಾರಿದ್ದು ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನಡುಭಾಗದಲ್ಲಿ ನೆಬ್ರಾಸ್ಕ ಅಂತ ಒಂದು ರಾಜ್ಯ. ಮೆಕ್ಕೆಜೋಳದ ಬಯಲು, ಜನ ಸುಮಾರು 20 ಲಕ್ಷ. ದೊಡ್ಡ ವೃತ್ತಿಪರ ತಂಡ ಅಲ್ಲಿ ಒಂದೂ ಇಲ್ಲ. ಇರುವುದು ಲಿಂಕನ್ ನಗರದ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ, ಹಸ್ಕರ್ಸ್. ಇದು ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್.

ಅಲ್ಲಿ ಪತ್ರಕರ್ತರು ವಾರವಾರ ಮತ ಹಾಕಿ ಮುಂಚೂಣಿ ತಂಡಗಳ ಪಟ್ಟಿ ಮಾಡುತ್ತಾರೆ. ಅದಕ್ಕೆ ಎಪಿ ರ್‍ಯಾಂಕಿಂಗ್ ಅಂತ ಹೆಸರು. 1981ರಿಂದ 2002ರವರೆಗೆ ಸತತ 348 ಪಟ್ಟಿಗಳಲ್ಲಿ ನೆಬ್ರಾಸ್ಕ ಇತ್ತು. ಅದು ದಾಖಲೆ. ಈಗಿನ ಸ್ಥಿತಿ ನೋಡಿ: 2012ರ ನಂತರ ಒಂದು ಸೀಸನ್ನನ್ನೂ ಆ ಪಟ್ಟಿಯೊಳಗೆ ಮುಗಿಸಿಲ್ಲ. ತಪ್ಪಿದ್ದು ಎಲ್ಲಿ ಅಂತ ಅಭಿಮಾನಿಗಳು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಜಗಳವಾಡುತ್ತಿದ್ದಾರೆ.

ಒಂದು ಗುಂಪು 2003ನ್ನು ತೋರಿಸುತ್ತದೆ. ಕೋಚ್ ಫ್ರಾಂಕ್ ಸೋಲಿಕ್ ಆ ವರ್ಷ ಒಂಬತ್ತು ಪಂದ್ಯ ಗೆದ್ದಿದ್ದರು, ಮೂರು ಸೋತಿದ್ದರು. ಆದರೂ ಅವರನ್ನು ತೆಗೆದರು. ಮರುವರ್ಷವೇ ತಂಡ ಗೆದ್ದದ್ದಕ್ಕಿಂತ ಸೋತದ್ದು ಹೆಚ್ಚು. 1961ರ ನಂತರ ಅಂಥದ್ದು ಅದೇ ಮೊದಲು. ಇನ್ನೊಂದು ಗುಂಪು, ಇಲ್ಲ, 2001ರಲ್ಲಿ ಕೊಲೊರಾಡೊ ವಿರುದ್ಧ 62–36ರಲ್ಲಿ ಸೋತಾಗಲೇ ಬುಡ ಅಲ್ಲಾಡಿತ್ತು ಅನ್ನುತ್ತದೆ. ಮೂರನೆಯವರು 2011ರಲ್ಲಿ ಬಿಗ್ ಟೆನ್ ಲೀಗಿಗೆ ಹೋದದ್ದೇ ತಪ್ಪು ಅನ್ನುತ್ತಾರೆ. ಅದರಿಂದ ಟೆಕ್ಸಸ್ ತಂಡಗಳ ಜೊತೆ ವರ್ಷವರ್ಷ ಆಡುವುದು ನಿಂತಿತು, ಅಲ್ಲಿನ ಹುಡುಗರನ್ನು ಸೆಳೆಯುವುದು ಕಷ್ಟವಾಯಿತು.

ಮೂರೂ ಮಾತಿನಲ್ಲಿ ಹುರುಳಿದೆ. ಆದರೆ ನನಗೆ ಮುಖ್ಯ ಅನಿಸುವುದು ಬೇರೆ. ನೆಬ್ರಾಸ್ಕದ ಮೇಲುಗೈ ನಿಂತಿದ್ದದ್ದು ಬೇರೆಯವರ ಬಳಿ ಇಲ್ಲದ ಕೆಲವು ಸಂಗತಿಗಳ ಮೇಲೆ. 1969ರಲ್ಲೇ ಬಾಯ್ಡ್ ಎಪ್ಲಿ ಅವರು ಆಟಗಾರರಿಗೆ ತೂಕ ಎತ್ತುವ ತರಬೇತಿ ಶುರುಮಾಡಿದರು. ಆಗ ಬಹಳ ಕೋಚ್‌ಗಳು, ತೂಕ ಎತ್ತಿದರೆ ಮೈ ಬಿಗಿಯಾಗಿ ಓಟ ನಿಧಾನವಾಗುತ್ತದೆ ಅಂತ ನಂಬಿದ್ದರು. ಸ್ಕಾಲರ್‌ಶಿಪ್ ಇಲ್ಲದೆ ಬರುವ ಹಳ್ಳಿ ಹುಡುಗರನ್ನು ವರ್ಷಗಟ್ಟಲೆ ತಿದ್ದಿ ಬೆಳೆಸುವ ಪದ್ಧತಿಯೂ ಇತ್ತು. ಟಿವಿಯಲ್ಲಿ ಕೆಲವೇ ಪಂದ್ಯ ಬರುತ್ತಿದ್ದ ಕಾಲದಲ್ಲಿ ಈ ತಂಡ ಮನೆಮನೆಗೂ ಗೊತ್ತಿತ್ತು. ಆಮೇಲೆ ಜಿಮ್ ಎಲ್ಲ ಕಾಲೇಜಿಗೂ ಬಂತು. ಕಾಲೇಜು ಪಂದ್ಯಗಳ ಟಿವಿ ಪ್ರಸಾರದ ಮೇಲೆ ಒಂದೇ ಸಂಸ್ಥೆಗಿದ್ದ ಹಿಡಿತವನ್ನು 1984ರಲ್ಲಿ ಸುಪ್ರೀಂ ಕೋರ್ಟ್ ತಪ್ಪಿಸಿತು; ಆಮೇಲೆ ಟಿವಿಯೂ ಎಲ್ಲರ ಪಾಲಾಯಿತು. ಒಳ್ಳೆಯ ಆಟಗಾರರು ಹೆಚ್ಚಾಗಿ ಹುಟ್ಟುವುದು ಟೆಕ್ಸಸ್, ಫ್ಲೋರಿಡಾ, ಕ್ಯಾಲಿಫೋರ್ನಿಯಾದಲ್ಲಿ. ಚಳಿಯ ಲಿಂಕನ್‌ಗೆ ಅವರು ಯಾಕೆ ಬರಬೇಕು, ಹೇಳಿ?

ಇದನ್ನು ಒಪ್ಪಿಕೊಂಡು ನಿಧಾನವಾಗಿ ಕಟ್ಟಬಹುದಿತ್ತು. ಕಟ್ಟಲಿಲ್ಲ. 2004ರಲ್ಲಿ ಚೆಂಡು ಹಿಡಿದು ಓಡುವ ಹಳೆಯ ಪದ್ಧತಿಯನ್ನೇ ಬಿಟ್ಟು, ಎಸೆದು ಆಡುವ ಪದ್ಧತಿ ತಂದರು. ಓಡಲು ಆರಿಸಿ ತಂದ ಹುಡುಗರು ಎಸೆಯುವ ಆಟ ಆಡಬೇಕಾಯಿತು. ಕೋಚ್ ಬೋ ಪೆಲಿನಿ 2008ರಿಂದ ಏಳು ಸೀಸನ್, ಪ್ರತಿ ಸಲವೂ ಒಂಬತ್ತು ಪಂದ್ಯಕ್ಕೆ ಕಡಿಮೆ ಇಲ್ಲದೆ ಗೆದ್ದರು. ಅವರನ್ನೂ ಕಳಿಸಿದರು. ಮುಂದಿನ ಹತ್ತು ಸೀಸನ್‌ಗಳಲ್ಲಿ ಒಂಬತ್ತು ಗೆಲುವು ಬಂದದ್ದು ಒಂದೇ ಒಂದು ಸಲ, 2016ರಲ್ಲಿ.

ಮನಸ್ಸಿಗೆ ತುಂಬ ನೋವಾಗುವುದು ಸ್ಕಾಟ್ ಫ್ರಾಸ್ಟ್ ಅವರ ಕಥೆ. 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ದಾಳಿ ನಡೆಸುವ ಆಟಗಾರ; ಅದೇ ನೆಲದ ಹುಡುಗ. 2018ರಲ್ಲಿ ಕೋಚ್ ಆಗಿ ಮರಳಿದಾಗ ಇಡೀ ರಾಜ್ಯ ಕುಣಿಯಿತು. 2021ರಲ್ಲಿ ತಂಡ ಒಂಬತ್ತು ಪಂದ್ಯ ಸೋತಿತು. ಒಂಬತ್ತರಲ್ಲಿ ಯಾವುದರಲ್ಲೂ ಅಂತರ ಒಂಬತ್ತು ಅಂಕ ದಾಟಲಿಲ್ಲ! ಮರುವರ್ಷ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ ಹನ್ನೊಂದು ಅಂಕ ಮುಂದಿದ್ದಾಗ, ಚೆಂಡನ್ನು ಮತ್ತೆ ತಮ್ಮದೇ ಮಾಡಿಕೊಳ್ಳಲು ಸಣ್ಣ ಒದೆತ ಒದೆಸಿದರು. ಚೆಂಡು ಎದುರಾಳಿಗೆ ಸಿಕ್ಕಿತು. ಪಂದ್ಯ 31–28ಕ್ಕೆ ಕೈತಪ್ಪಿತು. ಸ್ವಲ್ಪ ದಿನದಲ್ಲೇ ಅವರ ಕೆಲಸವೂ ಹೋಯಿತು. ಗೆಲ್ಲಲೇಬೇಕೆಂಬ ಅವಸರ ಅವರನ್ನೂ ಹಿಡಿದಿತ್ತು ಅಂತ ನನಗನಿಸುತ್ತದೆ.

ಅಭಿಮಾನಿಗಳು ಮಾತ್ರ ಕೈಬಿಟ್ಟಿಲ್ಲ. 1962ರಿಂದ ಈಚೆಗೆ ತವರಿನ 400ಕ್ಕೂ ಹೆಚ್ಚು ಪಂದ್ಯಗಳ ಟಿಕೆಟ್ ಪೂರ್ತಿ ಮಾರಾಟವಾಗಿವೆ. 2021ರಲ್ಲಿ ಉಳಿದ ಟಿಕೆಟ್‌ಗಳನ್ನು ದಾನಿಗಳು ಕೊಂಡು ಮಕ್ಕಳಿಗೆ ಕೊಟ್ಟರು.

ಈಗ ಕೋಚ್ ಮ್ಯಾಟ್ ರೂಲ್. 2024ರಲ್ಲಿ ತಂಡ ಏಳು ಗೆದ್ದು ಆರು ಸೋತಿತು. ಎಂಟು ವರ್ಷದ ಮೇಲೆ ಸಿಕ್ಕ ಗೆಲುವಿನ ಸೀಸನ್. ಏಳಕ್ಕೇ ಇಷ್ಟು ಸಂಭ್ರಮವೇ ಅಂತ ಕೇಳುವವರಿದ್ದಾರೆ. ಅವರಿಗೆ ನಾನು ಟಾಮ್ ಆಸ್ಬರ್ನ್ ಹೆಸರು ಹೇಳುತ್ತೇನೆ. 255 ಪಂದ್ಯ ಗೆದ್ದು, ಮೂರು ರಾಷ್ಟ್ರೀಯ ಪಟ್ಟ ತಂದ ಕೋಚ್ ಅವರು. 1973ರಲ್ಲಿ ಕೋಚ್ ಆದ ಮೇಲೆ ಮೊದಲ ಐದು ವರ್ಷ ಒಕ್ಲಹೋಮ ವಿರುದ್ಧ ಸತತ ಸೋತರು. ಮೊದಲ ಪಟ್ಟ ಬಂದದ್ದು 1994ರಲ್ಲಿ. ಅಷ್ಟು ವರ್ಷ ಅವರನ್ನು ಉಳಿಸಿಕೊಂಡದ್ದೂ ಇದೇ ನೆಬ್ರಾಸ್ಕ ಅಲ್ವಾ?

ನಮಸ್ಕಾರ.