ನಂಜು ಏರಿತು ಅಂದರೆ ಏನು ಏರಿತು?

ಎಲ್ಲರಿಗೂ ನಮಸ್ಕಾರ. ಗದಗಿನಲ್ಲಿ ಸಂಜೆ ಹೊತ್ತು ಮಿರ್ಚಿ ಗಾಡಿ ಬಿಟ್ಟು ಡಾಕ್ಟರ ಮಾತು ಕೇಳೋಕೆ ಇಷ್ಟು ಜನ ಬಂದಿದ್ದೀರಿ ಅಂದರೆ ನಾನು ಬೇಗ ಮುಗಿಸಲೇಬೇಕು.

ನಮ್ಮ ಕಡೆ ಗಾಯ ಕೀವುಗಟ್ಟಿದರೆ ‘ಸೆಪ್ಟಿಕ್ ಆಗೇತಿ’ ಅಂತೀವಿ. ಮನುಷ್ಯ ಹೋಗಿಬಿಟ್ಟರೆ ‘ಮೈಗೆಲ್ಲ ನಂಜು ಏರಿತ್ರೀ’ ಅಂತೀವಿ. ಏರಿದ್ದು ಏನು? ಕ್ರಿಮಿ ಅಂತ ನೀವು ಹೇಳ್ತೀರಿ. ಅರ್ಧ ಸರಿ.

ಒಬ್ಬ ರೈತರ ಕಥೆ ಹೇಳ್ತೀನಿ. ಜೋಳ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದಾಗ ಕೂಳೆ ಚುಚ್ಚಿತು. ಸಕ್ಕರೆ ಕಾಯಿಲೆ ಇತ್ತು, ಪಾದದಲ್ಲಿ ಸ್ಪರ್ಶ ಕಡಿಮೆಯಾಗಿತ್ತು, ಹಾಗಾಗಿ ನೋವೇ ಗೊತ್ತಾಗಲಿಲ್ಲ. ಅರಿಶಿನ ಮೆತ್ತಿ ಸುಮ್ಮನಾದರು. ನಾಲ್ಕನೇ ದಿನ ಚಳಿ ನಡುಕ. ಐದನೇ ದಿನ ಮಗನನ್ನು ತಮ್ಮನ ಹೆಸರಿಂದ ಕರೆದರು. ಮನೆಯವರು ಜ್ವರ ತಲೆಗೇರಿದೆ ಅಂದುಕೊಂಡು ಒಂದು ರಾತ್ರಿ ಕಾದರು. ಹುಬ್ಬಳ್ಳಿಯ ನಮ್ಮ ಆಸ್ಪತ್ರೆಗೆ ಬಂದಾಗ ಮೇಲಿನ ಬಿಪಿ 80, ಏದುಸಿರು, ಬೆಳಗಿನಿಂದ ಮೂತ್ರ ಇಲ್ಲ. ಗಾಯ ನೋಡಿದರೆ ಕಾಲ್ಬೆರಳಲ್ಲಿ. ಕಿಡ್ನಿ ಯಾಕೆ ನಿಂತಿತು?

ಕೂಳೆ ಚುಚ್ಚಿದ ಕ್ಷಣದಿಂದ ನೋಡೋಣ. ಚರ್ಮದ ಕೆಳಗೆ ಮ್ಯಾಕ್ರೋಫೇಜ್ ಅನ್ನೋ ಕಣಗಳು ಕಾವಲು ಕೂತಿರುತ್ತವೆ. ಅವಕ್ಕೆ ಕ್ರಿಮಿಯ ಹೆಸರು ಊರು ಬೇಕಿಲ್ಲ, ಮೈಮೇಲಿನ ಕೋಟು ಸಾಕು. ಕೆಲವು ಬ್ಯಾಕ್ಟೀರಿಯಾಗಳ ಹೊರಪದರದಲ್ಲಿ ಎಂಡೋಟಾಕ್ಸಿನ್ ಇರುತ್ತೆ. ಅದು ತಗುಲಿದರೆ ಕಾವಲಿನ ಕಣ ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಅನ್ನೋ ಸಂದೇಶಗಳನ್ನು ಸುರಿಸುತ್ತೆ. ಅಲ್ಲಿನ ರಕ್ತನಾಳ ಹಿಗ್ಗುತ್ತೆ, ಸ್ವಲ್ಪ ಸೋರುತ್ತೆ, ಬಿಳಿ ರಕ್ತಕಣ ಓಡಿ ಬರುತ್ತವೆ. ಕೆಂಪು, ಬಿಸಿ, ಬಾವು, ನೋವು. ಇದು ಕಾಯಿಲೆ ಅಲ್ಲ, ರಿಪೇರಿ ಕೆಲಸ. ಒಂದು ಬೆರಳಲ್ಲಿ ಆದರೆ.

ಅದೇ ಕೆಲಸ ಮೈಯಲ್ಲೆಲ್ಲ ಒಟ್ಟಿಗೆ ಶುರುವಾದರೆ? ನಿಮ್ಮ ಹೊಲದ ಡ್ರಿಪ್ ಪೈಪ್ ನೆನಪು ಮಾಡಿಕೊಳ್ಳಿ. ಬೋರಿನ ಮೋಟಾರು ಅದೇ, ನೀರು ಅಷ್ಟೇ. ಆದರೆ ಪೈಪ್ ಎಲ್ಲ ಕಡೆ ಅಗಲವಾಯಿತು, ಜಾಯಿಂಟುಗಳೆಲ್ಲ ಸೋರತೊಡಗಿದವು. ಪ್ರೆಶರ್ ಬಿತ್ತು, ಕೊನೆಯ ಸಾಲಿನ ಗಿಡಕ್ಕೆ ಹನಿ ನೀರಿಲ್ಲ. ಮೇಲಿಂದ ಸಣ್ಣ ತೂತುಗಳಲ್ಲಿ ಕಸ ಕಟ್ಟಿತು, ಅಂದರೆ ಚಿಕ್ಕ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿತು. ಕಿಡ್ನಿ ನಿಂತಿದ್ದು ಹೀಗೆ. ಅಲ್ಲಿಗೆ ಕ್ರಿಮಿ ಹೋಗಿರಲೇಬೇಕು ಅಂತಿಲ್ಲ. ಸೋಂಕಿಗೆ ದೇಹ ಕೊಡುವ ಉತ್ತರವೇ ಹದ ತಪ್ಪಿ ಅಂಗಾಂಗಗಳು ಕೆಡೋದು, ಜೀವಕ್ಕೇ ಅಪಾಯ ಬರೋದು ಸೆಪ್ಸಿಸ್. 2016ರಲ್ಲಿ ತಜ್ಞರು ಒಪ್ಪಿಕೊಂಡ ವ್ಯಾಖ್ಯೆಯ ಸಾರವೂ ಇದೇ. ಇದು ಅಪರೂಪದ್ದೂ ಅಲ್ಲ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಬಂತು, 1.1 ಕೋಟಿ ಜನ ಸತ್ತರು ಅನ್ನೋದು ಅಂದಾಜು. ಐದು ಸಾವಿನಲ್ಲಿ ಒಂದು!

ಹಾಗಾದರೆ ಇಮ್ಯುನಿಟಿಯನ್ನೇ ಬಂದ್ ಮಾಡಿದರೆ ಆಯ್ತಲ್ವಾ? ದೊಡ್ಡ ದೊಡ್ಡವರೂ ಹೀಗೇ ಯೋಚಿಸಿದರು. ಎಂಡೋಟಾಕ್ಸಿನ್ ಚುಚ್ಚಿದರೂ ಸಾಯದ ಒಂದು ತಳಿಯ ಇಲಿ ಇತ್ತು. ಅದರಲ್ಲಿ ಕೆಟ್ಟಿದ್ದ ಜೀನ್ ಯಾವುದು ಅಂತ ವಿಜ್ಞಾನಿ ಬ್ರೂಸ್ ಬ್ಯೂಟ್ಲರ್ ತಂಡ 1998ರಲ್ಲಿ ಹಿಡಿಯಿತು, ಅವರಿಗೆ 2011ರಲ್ಲಿ ನೊಬೆಲ್ ಬಂತು. ಆ ಜೀನ್ ಎಂಡೋಟಾಕ್ಸಿನ್ ಗುರುತಿಸಿ ಬಾರಿಸುವ ಎಚ್ಚರಿಕೆ ಗಂಟೆ. ಗಂಟೆ ಕೆಟ್ಟ ಇಲಿಗೆ ಬರೀ ವಿಷ ಏನೂ ಮಾಡಲಿಲ್ಲ. ಆದರೆ ಜೀವಂತ ಸಾಲ್ಮೊನೆಲ್ಲಾ ಕೊಟ್ಟರೆ ಬೇರೆ ಇಲಿಗಳಿಗಿಂತ ಬೇಗ ಸತ್ತವು. ಕಳ್ಳ ಬಂದಿದ್ದೇ ಗೊತ್ತಾಗಲಿಲ್ಲ ನೋಡಿ.

ಮನುಷ್ಯರಲ್ಲೂ ಅದೇ ಪಾಠ. ಟಿಎನ್‌ಎಫ್ ಹಿಡಿದುಹಾಕುವ ಒಂದು ಔಷಧವನ್ನು ಸೆಪ್ಟಿಕ್ ಶಾಕ್, ಅಂದರೆ ಸೆಪ್ಸಿಸ್ ಆಗಿ ಬಿಪಿ ಕುಸಿದವರಿಗೆ ಕೊಟ್ಟರು. 1996ರಲ್ಲಿ ಫಲಿತಾಂಶ ಬಂತು: ಡೋಸ್ ಜಾಸ್ತಿ ಆದ ಗುಂಪಿನಲ್ಲಿ ಸಾವೂ ಜಾಸ್ತಿ. ಔಷಧ ಮೂಲೆಗೆ ಬೀಳಬೇಕಿತ್ತು. ಬೀಳಲಿಲ್ಲ. ಎಟನರ್ಸೆಪ್ಟ್ ಅನ್ನೋ ಅದೇ ಔಷಧ 1998ರಲ್ಲಿ ಅಮೆರಿಕದಲ್ಲಿ ರುಮಟಾಯ್ಡ್ ಸಂಧಿವಾತಕ್ಕೆ ಒಪ್ಪಿಗೆ ಪಡೆಯಿತು. ಸಂಧಿವಾತದಲ್ಲಿ ಕಳ್ಳನೇ ಇಲ್ಲ, ಗಂಟೆ ಮಾತ್ರ ವರ್ಷಗಟ್ಟಲೆ ಬಾರಿಸುತ್ತಾ ಕೀಲು ತಿನ್ನುತ್ತೆ, ಅದನ್ನು ತಗ್ಗಿಸಿದರೆ ಬೆರಳು ಮಡಚೋಕೆ ಆಗದವರು ಮತ್ತೆ ರೊಟ್ಟಿ ಬಡಿಯಬಹುದು. ಆದರೆ ಇಂಥ ಔಷಧ ಕೊಡುವ ಮೊದಲು ಟಿಬಿ ಪರೀಕ್ಷೆ ಮಾಡ್ತೀವಿ. ಎಂದೋ ಬಂದ ಟಿಬಿ ಕ್ರಿಮಿಗೆ ದೇಹ ಕಟ್ಟಿದ ಗೋಡೆ ಕಾಯೋದರಲ್ಲಿ ಟಿಎನ್‌ಎಫ್ ಪಾತ್ರ ದೊಡ್ಡದು. ಕಾವಲು ಹೋದರೆ ಗೋಡೆಯೂ ಹೋದೀತು.

ಕೋವಿಡ್‌ನಲ್ಲಿ ಇಮ್ಯುನಿಟಿ ತಗ್ಗಿಸುವ ಸ್ಟೀರಾಯ್ಡ್ ಕಥೆಯೂ ಇದೇ. 2020ರ ಬ್ರಿಟನ್ ಪ್ರಯೋಗದಲ್ಲಿ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟಾಗ ವೆಂಟಿಲೇಟರ್ ಮೇಲಿದ್ದವರ ಸಾವು ಮೂರರಲ್ಲೊಂದು ಪಾಲು ಇಳಿಯಿತು. ಆಕ್ಸಿಜನ್ ಬೇಕಿಲ್ಲದವರಿಗೆ ಏನೂ ಲಾಭ ಇರಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಜ್ವರದ ಮೊದಲ ದಿನವೇ ನುಂಗಿದರು. ಸಿಟ್ಟು ಬರುತ್ತೆ, ಇರಲಿ.

ಅದಕ್ಕೇ ‘ಇಮ್ಯುನಿಟಿ ಬೂಸ್ಟರ್’ ಅಂತ ಡಬ್ಬಿ ಮೇಲೆ ಬರೆದಿದ್ದು ನೋಡಿದರೆ ನನಗೆ ನಗು. ಎಲ್ಲಿ ಬೂಸ್ಟ್ ಮಾಡ್ತೀರಿ, ಯಾವಾಗ, ಎಷ್ಟು? ಕೂಳೆ ಚುಚ್ಚಿದ ದಿನ ಬೇಕು, ಐದನೇ ದಿನ ಅದೇ ಕೊಲ್ಲುತ್ತೆ.

ಆ ರೈತರಿಗೆ ನಾವು ಮಾಡಿದ್ದು ಹಳೇ ಕೆಲಸ. ಕ್ರಿಮಿ ಯಾವುದು ಅಂತ ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು ಒಂದು ಗಂಟೆಯೊಳಗೆ ಆಂಟಿಬಯೋಟಿಕ್, ಸಲೈನ್, ಬಿಪಿ ಏರಿಸೋಕೆ ನಾರ್ ಅಡ್ರಿನಲಿನ್. ಸರ್ಜನ್ ಬಂದು ಕೊಳೆತ ಎರಡು ಬೆರಳು ತೆಗೆದರು. ಹನ್ನೆರಡನೇ ದಿನ ಮನೆಗೆ ಹೋದರು. ಹಿಂದಿನ ರಾತ್ರಿಯೇ, ಮಗನ ಹೆಸರು ತಪ್ಪಿದಾಗಲೇ ಬಂದಿದ್ದರೆ ಬೆರಳು ಉಳಿಯುತ್ತಿದ್ದವೇನೋ. ಸೋಂಕು ಇದ್ದವರ ಮಾತು ತಡವರಿಸಿದರೆ, ಉಸಿರು ಜೋರಾದರೆ, ಮೂತ್ರ ಕಡಿಮೆಯಾದರೆ ಬೆಳಗಾಗೋ ತನಕ ಕಾಯಬೇಡಿ. ಜ್ವರ ಇಲ್ಲದೆ ಮೈ ತಣ್ಣಗಾದರೂ ಅಷ್ಟೇ, ವಯಸ್ಸಾದವರಲ್ಲಿ ಹಾಗಾಗುತ್ತೆ.

ಎರಡು ತಿಂಗಳ ಮೇಲೆ ಅವರು ಮತ್ತೆ ಬಂದರು, ಬೆನ್ನಿಗೆ ಸರ್ಪಸುತ್ತು. ಸೆಪ್ಸಿಸ್ ಆದಮೇಲೆ ಇದೇ ಸೈನ್ಯ ಸುಸ್ತಾಗಿ ಮಲಗುತ್ತೆ, ಕೆಲವು ಕಣ ಸಾಯುತ್ತವೆ, ಉಳಿದವು ಗಂಟೆ ಕೇಳಿದರೂ ಏಳಲ್ಲ. ಹಳೇ ವೈರಸ್‌ಗಳು ಆಗಲೇ ತಲೆ ಎತ್ತುತ್ತವೆ, ಸರ್ಪಸುತ್ತು ಬಂದಿದ್ದು ಹಾಗೇ. ಅವರ ಹೆಂಡತಿ ಕೇಳಿದರು, ‘ಸಾಹೇಬ್ರ, ಶಕ್ತಿ ಬರೂ ಟಾನಿಕ್ ಒಂದು ಬರೀರಲ್ಲ.’ ಸರ್ಪಸುತ್ತಿನ ಗುಳಿಗೆ ಬರೆದೆ, ಕೆಳಗೆ ದೊಡ್ಡ ಅಕ್ಷರದಲ್ಲಿ ‘ಚಪ್ಪಲಿ’ ಅಂತ ಬರೆದೆ. ಮೆಡಿಕಲ್ ಶಾಪಿನವನು ಚೀಟಿ ಹಿಡಿದುಕೊಂಡು ವಾಪಸ್ ಬಂದ, ಸರ್ ಇದು ಯಾವ ಕಂಪನಿ ಮಾಲು ಅಂತ.

ಈಗ ನೀವು ಕೇಳಿ.