ಕಳಿಸಿದವರ ಹೆಸರಿಲ್ಲದ ಮೇಲ್

ಕೇಳುಗರೆಲ್ಲರಿಗೂ ನಮಸ್ಕಾರ.

ಮಡಿಕೇರಿಯ ಒಂದು ಕಚೇರಿಯಲ್ಲಿ ಕಾಫಿ, ಮೆಣಸು ಬೆಳೆಗಾರರ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಹೋದ ಮಳೆಗಾಲದಲ್ಲಿ ನನ್ನಿಂದ ಒಂದು ತಪ್ಪಾಯಿತು.

ಆಗ ಸ್ಪ್ಯಾಮ್ ಕಾಟ ಜಾಸ್ತಿಯಾಗಿತ್ತು. ಬಂದುಹೋದ ಮೇಲ್‌ಗಳನ್ನು ಸರ್ವರ್ ಬರೆದಿಡುವ ಲಾಗ್ ತೆಗೆದು ನೋಡಿದೆ. ಕೆಲವು ಸಾಲುಗಳಲ್ಲಿ 'ಫ್ರಮ್' ಅಂತ ಇದೆ, ಪಕ್ಕದಲ್ಲಿ ಎದುರುಬದುರು ಎರಡು ಕೋನದ ಗುರುತು, ನಡುವೆ ಖಾಲಿ. ಹೆಸರು ಹೇಳದವರನ್ನು ಒಳಗೆ ಯಾಕೆ ಬಿಡಬೇಕು ಅನ್ನಿಸಿತು. ಅಂಥ ಮೇಲ್‌ಗಳನ್ನೆಲ್ಲ ಬಾಗಿಲಲ್ಲೇ ತಡೆದೆ.

ಎರಡು ವಾರ ಕಳೆದ ಮೇಲೆ ಒಬ್ಬರು ಬೆಳೆಗಾರರು ಕೊಡೆ ಮಡಚುತ್ತಾ ಒಳಗೆ ಬಂದರು. "ಚೆನ್ನೈ ವ್ಯಾಪಾರಿಗೆ ಮೆಣಸಿನ ದರ ಬರೆದು ಕಳಿಸಿದ್ದೆ ಕಣಪ್ಪಾ. ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ" ಅಂದರು. ನೋಡಿದರೆ ವಿಳಾಸದಲ್ಲಿ ಒಂದು ಅಕ್ಷರ ತಪ್ಪಿತ್ತು. ಆ ಕಡೆಯ ಸರ್ವರ್ ಮೇಲ್ ತೆಗೆದುಕೊಂಡು, ಆಮೇಲೆ "ಈ ಹೆಸರಿನವರು ಇಲ್ಲಿಲ್ಲ" ಅಂತ ಅವತ್ತೇ ತಿಳಿಸಿತ್ತು. ಆ ಸುದ್ದಿಯನ್ನು ವಾಪಸ್ ಅಟ್ಟಿದ್ದು ನನ್ನ ಸರ್ವರ್.

ಮುಟ್ಟದ ಮೇಲ್‌ನ ಸುದ್ದಿ ಹೊತ್ತು ಬರುವ ಇದಕ್ಕೆ ಬೌನ್ಸ್ ಅನ್ನುತ್ತೇವೆ. ಅದರಲ್ಲಿ ಕಳಿಸಿದವರ ಜಾಗವನ್ನು ಬೇಕಂತಲೇ ಖಾಲಿ ಬಿಡುತ್ತಾರೆ. ಯಾಕೆ ಗೊತ್ತಾ? ಅಲ್ಲೊಂದು ವಿಳಾಸ ಇದ್ದು, ಬೌನ್ಸ್ ಕೂಡ ಮುಟ್ಟದೆ ಹೋದರೆ, ಅದಕ್ಕೆ ಇನ್ನೊಂದು ಬೌನ್ಸ್, ಅದಕ್ಕೆ ಮತ್ತೊಂದು. ಎರಡು ಸರ್ವರ್‌ಗಳು ಹಗಲೂ ರಾತ್ರಿ ಒಂದಕ್ಕೊಂದು ವಾಪಸ್ ಕಳಿಸುತ್ತಲೇ ಇರುತ್ತವೆ. ಖಾಲಿ ಇದ್ದರೆ ಉತ್ತರ ಕಳಿಸುವ ಮಾತೇ ಇಲ್ಲ, ಅಲ್ವಾ? ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೇಗೆ ಸಾಗಬೇಕು ಅಂತ ಹೇಳುವ, 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್‌ಎಂಟಿಪಿ ನಿಯಮದಲ್ಲೇ ಈ ಉಪಾಯ ಇದೆ. ಖಾಲಿ ವಿಳಾಸವನ್ನು ಸರ್ವರ್ ಒಪ್ಪಲೇಬೇಕು ಅಂತ 1989ರ ನಿಯಮ ಖಡಾಖಂಡಿತವಾಗಿ ಹೇಳುತ್ತದೆ. ನಾನು ಅದನ್ನು ಓದದೆ ಸುಮ್ನೆ ಬಾಗಿಲು ಹಾಕಿದ್ದೆ.

ಈಗ ಖಾಲಿ ವಿಳಾಸದ ಮೇಲ್ ಬಂದರೆ, ಯಾರಿಗೆ ಬಂದಿದೆ ಅಂತ ಮೊದಲು ನೋಡುತ್ತೇನೆ. ಆ ಹೆಸರಿನವರು ನಮ್ಮಲ್ಲಿ ಇದ್ದರೆ ಒಳಗೆ ಬಿಡುತ್ತೇನೆ. ಬೌನ್ಸ್ ಹೋಗುವುದು ಮೊದಲು ಬರೆದ ಒಬ್ಬರಿಗೆ ಮಾತ್ರ. ಒಂದೇ ಸಲಕ್ಕೆ ಹತ್ತು ಜನರಿಗೆ ಅಂತ ಬಂದರೆ ಅದು ಬೌನ್ಸ್ ಅಲ್ಲ, ತಡೆಯಬಹುದು. ಒಳಗೆ ಬಂದದ್ದನ್ನೂ ಸ್ಪ್ಯಾಮ್ ಜರಡಿ ಹೇಗೂ ಸೋಸುತ್ತದೆ.

ಅವತ್ತು ಆ ಬೆಳೆಗಾರರನ್ನು ಪಕ್ಕದಲ್ಲೇ ಕೂರಿಸಿಕೊಂಡು, ಅಕ್ಷರ ತಿದ್ದಿ, ಮೇಲ್ ಮತ್ತೆ ಕಳಿಸಿದೆವು. ಸಂಜೆಯೊಳಗೆ ವ್ಯಾಪಾರಿಯ ಉತ್ತರ ಬಂತು. ಅಷ್ಟರಲ್ಲಿ ಮೆಣಸಿನ ದರ ಇಳಿದಿತ್ತು.