ಬೇಳೆ ಬೇಯದ ನೀರಿನಲ್ಲಿ ಮೀನು

ಕೇಳುಗರಿಗೆ ನಮಸ್ಕಾರ.

ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯದಿದ್ದಾಗ ಚಿಟಿಕೆ ಅಡುಗೆ ಸೋಡಾ ಹಾಕುವುದು ನಮ್ಮ ಅನೇಕ ಮನೆಗಳಲ್ಲಿ ಹಳೆಯ ರೂಢಿ. ಆ ನೀರಿನಲ್ಲಿ ಸೋಪು ನೊರೆಗಟ್ಟುವುದಿಲ್ಲ, ಸ್ನಾನದ ಹಂಡೆಯ ಒಳಮೈಗೆ ಬಿಳಿಯ ಪದರ ಕೂರುತ್ತದೆ, ಗೀಸರಿನ ಕಾಯಿಲ್ ಬೇಗ ಹಾಳಾಗುತ್ತದೆ. ಇದು ಗಡಸು ನೀರು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ನೀರನ್ನು ನಡುಮನೆಯ ಗಾಜಿನ ತೊಟ್ಟಿಗೆ ತುಂಬಿ ಮೀನು ಬಿಟ್ಟಾಗ ಏನಾಗುತ್ತದೆ ಎಂಬುದನ್ನು, ಬೆಂಗಳೂರಿನ ನೀರಿನಲ್ಲಿ ಬಹಳ ವರ್ಷಗಳಿಂದ ಮೀನು ಸಾಕಿ, ಕೆಲವನ್ನು ಕಳೆದುಕೊಂಡೂ ಕಲಿತವನಾಗಿ, ಇಂದು ನಿಮ್ಮ ಮುಂದೆ ಇಡುತ್ತೇನೆ.

ಗಡಸುತನ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುವುದರೊಳಗೆ ಎರಡು ಬೇರೆ ಸಂಗತಿಗಳಿವೆ. ಮಳೆನೀರು ಕಲ್ಲು ಮಣ್ಣಿನ ಪದರಗಳಲ್ಲಿ ಇಳಿಯುತ್ತಾ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇವೆರಡರ ಮೊತ್ತ ಒಟ್ಟು ಗಡಸುತನ, ಮೀನಿನಂಗಡಿಯವರ ಮಾತಿನಲ್ಲಿ ಜಿಎಚ್. ಅದೇ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನ ಅಳತೆಗೆ ಕೆಎಚ್ ಎಂದು ಹೆಸರು. ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟಿಗೆ ಹೆಚ್ಚಿರುವುದರಿಂದ ಅವು ಒಂದೇ ಎಂಬ ತಪ್ಪು ತಿಳಿವಳಿಕೆ ಹುಟ್ಟುತ್ತದೆ. ಎರಡನ್ನೂ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಒಂದು ಡಿಗ್ರಿಯೆಂದರೆ ಲೀಟರಿಗೆ ಸುಮಾರು 17.9 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಗಡಸನ್ನು ಸ್ವೀಕಾರಾರ್ಹವೆಂದೂ, ಬೇರೆ ನೀರೇ ಸಿಗದಿದ್ದಾಗ 600ರವರೆಗೆ ಒಪ್ಪಬಹುದೆಂದೂ ಹೇಳುತ್ತದೆ. ಡಿಗ್ರಿಯ ಲೆಕ್ಕದಲ್ಲಿ ಇದು ಸುಮಾರು 11ರಿಂದ 33ರವರೆಗಿನ ಅಂತರ, ಮೀನಿನ ಪಾಲಿಗೆ ಬಹಳ ದೊಡ್ಡದು.

ಏಕೆಂದರೆ ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಲವಣ ಹೆಚ್ಚು. ಕಿವಿರುಗಳ ಮೂಲಕ ನೀರು ಸದಾ ಒಳಕ್ಕೆ ಬರುತ್ತಲೇ ಇರುತ್ತದೆ, ಲವಣ ಹೊರಕ್ಕೆ ಸೋರುತ್ತಲೇ ಇರುತ್ತದೆ. ಮೀನು ಹಗಲಿರುಳೂ ತೆಳುವಾದ ಮೂತ್ರವನ್ನು ಹೊರಹಾಕುತ್ತಾ, ಕಿವಿರುಗಳಿಂದಲೇ ಲವಣವನ್ನು ಮತ್ತೆ ಹೀರಿಕೊಳ್ಳುತ್ತಾ ಇದನ್ನು ಸರಿದೂಗಿಸುತ್ತದೆ. ಈ ಕೆಲಸದಲ್ಲಿ ಒಂದೊಂದು ಜಾತಿಯ ಮೀನಿನ ಮೈ ತನ್ನ ತವರಿನ ನೀರಿಗೆ ಒಗ್ಗಿಕೊಂಡಿರುತ್ತದೆ. ಅಮೆಜಾನ್ ಸೀಮೆಯ ಮೆದು ನೀರಿನಿಂದ ಬಂದ ನಿಯಾನ್ ಟೆಟ್ರಾ ಗಡಸು ನೀರಿನಲ್ಲಿ ಹೇಗೋ ಬದುಕೀತು, ಆದರೆ ಅದರ ಮೊಟ್ಟೆಗಳು ಅಲ್ಲಿ ಸರಿಯಾಗಿ ಒಡೆಯುವುದಿಲ್ಲ. ಗಪ್ಪಿ ಮತ್ತು ಮೋಲಿಗಳಿಗೆ ಗಡಸು ನೀರೇ ಹಿತ. ಆಫ್ರಿಕದ ಮಲಾವಿ, ತಂಗನಿಕಾ ಸರೋವರಗಳ ಸಿಕ್ಲಿಡ್ ಮೀನುಗಳಿಗಂತೂ ನಮ್ಮ ಬೋರ್‌ವೆಲ್ ನೀರು ತವರಿನ ನೀರಿದ್ದಂತೆ. ಆದ್ದರಿಂದ ನಲ್ಲಿಯಲ್ಲಿ ಬರುವ ನೀರನ್ನು ನೋಡಿ ಮೀನು ಆರಿಸುವುದೇ ಮೇಲು. ಮೀನಿಗೆ ತಕ್ಕಂತೆ ನೀರನ್ನು ಬದಲಿಸಲು ಹೊರಟವರು ಮೂರು ತಿಂಗಳಲ್ಲಿ ಬೇಸತ್ತು ತೊಟ್ಟಿಯನ್ನು ಅಟ್ಟಕ್ಕೇರಿಸುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಇನ್ನು ಕೆಎಚ್ ವಿಷಯ. ಮೀನಿನಿಂದ ಹೊರಬರುವ ಅಮೋನಿಯವನ್ನು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ನೈಟ್ರೇಟ್ ಆಗಿ ಬದಲಿಸುತ್ತವೆ. ಈ ಕ್ರಿಯೆಯಲ್ಲಿ ಆಮ್ಲ ಹುಟ್ಟುತ್ತದೆ; ನೀರಿನಲ್ಲಿರುವ ಬೈಕಾರ್ಬೊನೇಟ್ ಅದನ್ನು ನುಂಗಿಕೊಂಡು ರಸಸಾರವನ್ನು, ಅಂದರೆ ನೀರು ಹುಳಿಯಾದಷ್ಟೂ ಇಳಿಯುವ ಪಿಎಚ್ಚನ್ನು, ಅಲುಗದಂತೆ ಹಿಡಿದಿಡುತ್ತದೆ. ಇದನ್ನೇ ಬಫರ್ ಗುಣ ಎನ್ನುವುದು. ಆದರೆ ಬೈಕಾರ್ಬೊನೇಟ್ ಮನೆಯ ಇಡುಗಂಟಿನ ಹಾಗೆ, ತೆಗೆದಷ್ಟೂ ಕರಗುತ್ತದೆ. ಒಂದು ಮಿಲಿಗ್ರಾಂ ಅಮೋನಿಯ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಏಳು ಮಿಲಿಗ್ರಾಮಿಗೂ ಮಿಕ್ಕಿ ಖರ್ಚಾಗುತ್ತದೆ. ಗಂಟು ಮುಗಿಯುವವರೆಗೆ ಪಿಎಚ್ ಹೆಚ್ಚೇನೂ ಕದಲುವುದಿಲ್ಲ. ಮುಗಿದ ಮೇಲೆ ಕೆಲವೇ ದಿನಗಳಲ್ಲಿ ಕುಸಿಯುತ್ತದೆ.

ಇದನ್ನು ನಾನು ಕಲಿತದ್ದು ಒಂದು 60 ಲೀಟರ್ ತೊಟ್ಟಿಯಿಂದ. ಅದಕ್ಕೆ ಕಾವೇರಿ ನೀರು ಹಾಕುತ್ತಿದ್ದೆ. ಅದು ನಮ್ಮ ಬೋರ್‌ವೆಲ್ ನೀರಿಗಿಂತ ಸಾಕಷ್ಟು ಮೆದು. ನೀರು ಬದಲಿಸುವ ಸೋಮಾರಿತನದಿಂದ, ಆವಿಯಾದಷ್ಟನ್ನು ಮಾತ್ರ ವಾರಕ್ಕೊಮ್ಮೆ ತುಂಬಿಸುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಲವಣಗಳಲ್ಲ. ಹಾಗಾಗಿ ಗಾಜಿನ ಮೇಲಂಚಿನಲ್ಲಿ ಉಗುರಿನಿಂದ ಕೆರೆದರೂ ಹೋಗದ ಬಿಳಿಗೆರೆ ಮೂಡಿತು, ಜಿಎಚ್ ತಿಂಗಳಿಂದ ತಿಂಗಳಿಗೆ ಏರಿತು. ಇಷ್ಟು ಗಡಸು ನೀರಿಗೆ ಬಫರಿನ ಚಿಂತೆಯೇನು ಎಂದು ನಾನು ನಿಶ್ಚಿಂತನಾಗಿದ್ದೆ. ಆದರೆ ಅತ್ತ ಕೆಎಚ್ ಸೊನ್ನೆಗೆ ಬಂದು, ಪಿಎಚ್ ಆರಕ್ಕಿಂತ ಕೆಳಗಿಳಿದು, ಫಿಲ್ಟರಿನ ಬ್ಯಾಕ್ಟೀರಿಯಗಳ ಕೆಲಸ ಬಹುಮಟ್ಟಿಗೆ ನಿಂತೇಹೋಗಿತ್ತು. ಹುಳಿ ನೀರಿನಲ್ಲಿ ಅಮೋನಿಯವು ಅಷ್ಟೇನೂ ವಿಷವಲ್ಲದ ಅಮೋನಿಯಂ ರೂಪದಲ್ಲಿ ಇರುವುದರಿಂದ ಹಳೆಯ ಮೀನುಗಳು ಬಾಡಿದಂತೆ ಕಂಡರೂ ಬದುಕಿದ್ದವು. 2024ರ ಬೇಸಿಗೆಯಲ್ಲಿ ನೀರಿನ ಬರ ಬಂದು ಟ್ಯಾಂಕರ್ ತರಿಸಿದಾಗ, ಒಂದು ಸಂಜೆ ಉತ್ಸಾಹದಿಂದ ತೊಟ್ಟಿಯ ಅರ್ಧಕ್ಕಿಂತ ಹೆಚ್ಚು ನೀರನ್ನು ಬದಲಿಸಿದೆ. ಟ್ಯಾಂಕರ್ ನೀರಿನ ಪಿಎಚ್ ಎಂಟರ ಹತ್ತಿರವಿತ್ತು. ಪಿಎಚ್ ಒಂದಂಕ ಏರಿದರೆ ವಿಷರೂಪದ ಅಮೋನಿಯದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಎರಡಂಕಕ್ಕೆ ಎಷ್ಟೆಂದು ನೀವೇ ಲೆಕ್ಕ ಹಾಕಿ. ಬೆಳಗ್ಗೆ ಎದ್ದು ನೋಡಿದಾಗ ಏಳು ಟೆಟ್ರಾಗಳು ಬಣ್ಣ ಕಳೆದುಕೊಂಡು ತೇಲುತ್ತಿದ್ದವು. ತಪ್ಪು ಟ್ಯಾಂಕರ್ ನೀರಿನದಲ್ಲ.

ಅಂಥ ತೊಟ್ಟಿಯನ್ನು ದಿನಕ್ಕೆ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಬದಲಿಸದೆ, ವಾರ ಹತ್ತು ದಿನಗಳಲ್ಲಿ ನಿಧಾನವಾಗಿ ಸರಿದಾರಿಗೆ ತರಬೇಕು. ಕೆಎಚ್ ಏರಿಸಲು ಬೇಳೆಗೆ ಹಾಕುವ ಅದೇ ಅಡುಗೆ ಸೋಡಾ ಸಾಕು: 100 ಲೀಟರ್ ನೀರಿಗೆ ಮೂರು ಗ್ರಾಂ ಹಾಕಿದರೆ ಒಂದು ಡಿಗ್ರಿ ಏರುತ್ತದೆ. ಲೋಟದಲ್ಲಿ ಕರಗಿಸಿ, ದಿನಕ್ಕೊಂದು ಡಿಗ್ರಿಯಷ್ಟನ್ನೇ ಸೇರಿಸಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದು ಬೇಡ. ಸೋಡಾ ಜಿಎಚ್ಚನ್ನು ಏರಿಸುವುದಿಲ್ಲ. ಎರಡೂ ಬೇಕಿದ್ದರೆ ತೊಳೆದು ಪುಡಿಮಾಡಿದ ಕಪ್ಪೆಚಿಪ್ಪನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿ ಇಡಬಹುದು. ನೀರು ಹುಳಿಯಾದಷ್ಟೂ ಅದು ಹೆಚ್ಚು ಕರಗುತ್ತದೆ. ತೊಟ್ಟಿಗೆ ಹಾಕುವ ಕಲ್ಲಿನ ಮೇಲೆ ಮೊದಲು ನಿಂಬೆರಸ ಹಿಂಡಿ ನೋಡಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದಂಶವಿದೆ, ಮೆದು ನೀರಿನ ಮೀನಿಗೆ ಅದು ಒಗ್ಗದು.

ಗಡಸನ್ನು ತಗ್ಗಿಸಲು ಆರ್‌ಓ ನೀರನ್ನು ಬೆರೆಸುವುದು ನೇರವಾದ ದಾರಿ. 20 ಡಿಗ್ರಿಯ ನೀರಿಗೆ ಸಮಪಾಲು ಆರ್‌ಓ ನೀರು ಸೇರಿಸಿದರೆ ಹತ್ತರ ಆಸುಪಾಸಿಗೆ ಬರುತ್ತದೆ. ಬರಿಯ ಆರ್‌ಓ ನೀರಿನಲ್ಲಿ ಮಾತ್ರ ಮೀನು ಇಡಬೇಡಿ, ಅದರಲ್ಲಿ ಬಫರ್ ಇಲ್ಲವೇ ಇಲ್ಲವೆನ್ನಬಹುದು. ಅಪಾರ್ಟ್‌ಮೆಂಟುಗಳ ಸಾಫ್ಟನರ್ ನೀರು ಇನ್ನೊಂದು ಬಗೆಯ ಮೋಸ: ಅಲ್ಲಿ ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದಿರುತ್ತದೆ, ಸೋಪು ಚೆನ್ನಾಗಿ ನೊರೆಗಟ್ಟುತ್ತದೆ, ಆದರೆ ಕೆಎಚ್ ಹಾಗೆಯೇ ಉಳಿದಿರುತ್ತದೆ. ಕಾಡುಬಾದಾಮಿಯ ಒಣಗಿದ ಎಲೆ ಹಾಕಿದರೆ ಪಿಎಚ್ ಇಳಿಯುತ್ತದೆ ಎನ್ನುವವರ ಮಾತು ಕೆಎಚ್ ಕಡಿಮೆಯಿದ್ದಲ್ಲಿ ಮಾತ್ರ ನಿಜ. ಬೋರ್‌ವೆಲ್ ನೀರಿನಲ್ಲಿ ಎಲೆ ಬಣ್ಣ ಬಿಡುತ್ತದೆ, ಅಷ್ಟೆ.

ಪರೀಕ್ಷೆಗೆ ಹನಿ ಹಾಕುವ ಕಿಟ್ ಕೊಳ್ಳಿ. ಐದು ಮಿಲಿಲೀಟರ್ ನೀರಿಗೆ ಒಂದೊಂದೇ ಹನಿ ಹಾಕಿ ಅಲುಗಾಡಿಸುತ್ತಾ ಹೋದರೆ ನೀಲಿ ನೀರು ಇದ್ದಕ್ಕಿದ್ದಂತೆ ಹಳದಿಗೆ ತಿರುಗುತ್ತದೆ. ಸಾಮಾನ್ಯ ಕಿಟ್‌ಗಳಲ್ಲಿ ಎಷ್ಟು ಹನಿಯೋ ಅಷ್ಟು ಡಿಗ್ರಿ ಕೆಎಚ್. ನಮ್ಮ ಮನೆಯಲ್ಲಿ ಈ ಹನಿಗಳ ಲೆಕ್ಕ ಅಡುಗೆಮನೆಯ ಕ್ಯಾಲೆಂಡರಿನ ಮೇಲಿದೆ: ಪ್ರತಿ ಭಾನುವಾರದ ಚೌಕದಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಅಂಕಿ. ಆ ಅಂಕಿ ನಾಲ್ಕಕ್ಕಿಂತ ಕೆಳಗಿಳಿದ ವಾರ ನಾನು ಬಕೆಟ್ ಹಿಡಿಯುತ್ತೇನೆ.

ನಮಸ್ಕಾರ.